ಹೊಸದಾಗಿ ಕಟ್ಟಿದ ವಿಮಾನ ಎಂಜಿನ್‌ಗೆ ಸಾದಾ ಖನಿಜ ತೈಲವೇ ಏಕೆ?

ಪ್ರಶ್ನೆ: ಉಪ್ಪಳದಲ್ಲಿ ನಮ್ಮದೊಂದು ಬೈಕ್ ಗ್ಯಾರೇಜ್ ಇದೆ. ತರಬೇತಿ ವಿಮಾನದ ಪಿಸ್ಟನ್ ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ಮೊದಲು ಸಾದಾ ಖನಿಜ ತೈಲವನ್ನೇ ಹಾಕುತ್ತಾರೆಂದು ವಿಮಾನ ನಿರ್ವಹಣೆ ಕಲಿಯುತ್ತಿರುವ ಮಗ ಹೇಳುತ್ತಾನೆ. ಹೊಸ ಎಂಜಿನ್‌ಗಲ್ಲವೇ ಒಳ್ಳೆಯ ಆಯಿಲ್ ಬೇಕಾದದ್ದು?

ಉತ್ತರ: ನಿಮ್ಮ ಮಗ ಹೇಳುವುದು ಸರಿ. ಸಾದಾ ಎಂದರೆ ರಾಸಾಯನಿಕ ಸೇರ್ಪಡೆಗಳಿಲ್ಲದ್ದು; ಹಾಗೆಂದ ಮಾತ್ರಕ್ಕೆ ಅದು ಕೀಳು ತೈಲವಲ್ಲ. 1951ರ ಡಿಸೆಂಬರ್ 25ರಂದು ನೆಹರೂ ಅವರನ್ನು ಹೊತ್ತು ಬಜಪೆಯಲ್ಲಿ ಇಳಿದ ಡಿಸಿ-3ರಂಥ ವಿಮಾನಗಳ ಕಾಲದಲ್ಲಿ ಎಂಜಿನ್‌ಗಳು ಆಯುಷ್ಯವಿಡೀ ಇಂಥ ತೈಲದಲ್ಲಿಯೇ ಓಡುತ್ತಿದ್ದವು.

ಹೋನಿಂಗ್ ಮಾಡಿದ, ಎಂದರೆ ಒಳಗೋಡೆಯನ್ನು ಸಾಣೆಕಲ್ಲಿನಿಂದ ಉಜ್ಜಿದ, ಸಿಲಿಂಡರನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಒಳಗೋಡೆಯಲ್ಲಿ ಹೆಣೆದ ಚಾಪೆಯಂತೆ ಒಂದನ್ನೊಂದು ದಾಟುವ ಸಣ್ಣ ಗೀರುಗಳು ಕಾಣುತ್ತವೆ. ಪಿಸ್ಟನ್ನಿನ ಸುತ್ತ ಬಳೆಯಂತೆ ಕೂರುವ ಪಿಸ್ಟನ್ ರಿಂಗ್‌ಗಳು ಈ ಗೀರುಗಳ ಏಣುಗಳನ್ನು ಸವೆಸುತ್ತ, ತಾವೂ ತುಸು ಸವೆಯುತ್ತ ಗೋಡೆಗೆ ಹೊಂದಿಕೊಂಡಾಗಲಷ್ಟೇ ರಿಂಗ್ ಕೂತಿದೆ ಎನ್ನಬಹುದು. ಹೊಸ ಅರೆಯುವ ಕಲ್ಲಿನಲ್ಲಿ ಮೊದಲು ತವುಡು ಹಾಕಿ ಅರೆಯುವುದನ್ನು ಕಂಡವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಸೇರ್ಪಡೆಗಳಿರುವ ತೈಲ ಸವೆತವನ್ನು ಚೆನ್ನಾಗಿ ತಡೆಯುವುದರಿಂದ ಈ ಹೊಂದಾಣಿಕೆ ನಿಧಾನವಾಗುತ್ತದೆ. ಸಾದಾ ತೈಲ ಬೇಕಾದಷ್ಟು ಸವೆತಕ್ಕೆ ಎಡೆಮಾಡಿಕೊಡುತ್ತದೆ. ಆದ್ದರಿಂದಲೇ ವಿಮಾನ ಎಂಜಿನ್ ತಯಾರಿಸುವ ಲೈಕಮಿಂಗ್ ಸಂಸ್ಥೆ ಟರ್ಬೊಚಾರ್ಜರ್ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ತನ್ನ ಬಹುತೇಕ ಎಂಜಿನ್‌ಗಳಿಗೆ ಮೊದಲ 50 ಗಂಟೆ, ಇಲ್ಲವೇ ತೈಲದ ಖರ್ಚು ಒಂದು ಮಟ್ಟಕ್ಕೆ ಬಂದು ನಿಲ್ಲುವವರೆಗೆ ಸಾದಾ ಖನಿಜ ತೈಲವನ್ನು ಹೇಳುತ್ತದೆ. ಟರ್ಬೊಚಾರ್ಜರ್ ಇರುವ ಎಂಜಿನ್‌ಗಳಿಗೆ ಮಾತ್ರ ಮೊದಲ ದಿನದಿಂದಲೇ ಸೇರ್ಪಡೆಯಿರುವ ತೈಲ.

ಇಲ್ಲಿ ನಿಮ್ಮ ಗ್ಯಾರೇಜಿನ ರೂಢಿಗೆ ವಿರುದ್ಧವಾದ ಒಂದು ಮಾತಿದೆ. ಹೊಸ ಬೈಕನ್ನು ರನ್ನಿಂಗ್-ಇನ್ ಎಂದು ಮೆಲ್ಲಗೆ ಓಡಿಸುತ್ತಾರೆ; ವಿಮಾನ ಎಂಜಿನ್‌ಗೆ ಹಾಗೆ ಮಾಡಿದರೆ ಕೇಡು. ಶಕ್ತಿ ಕಡಿಮೆಯಾದಾಗ ಅನಿಲದ ಒತ್ತಡ ಸಾಲದೆ ರಿಂಗ್‌ಗಳು ಗೋಡೆಗೆ ಗಟ್ಟಿಯಾಗಿ ಒತ್ತುವುದಿಲ್ಲ. ಉಳಿದ ತೈಲದ ಪದರ ಬಿಸಿಗೆ ಸುಟ್ಟು, ಗೀರುಗಳನ್ನು ತುಂಬಿ, ಗೋಡೆಯನ್ನು ಗಾಜಿನಂತೆ ನುಣುಪಾಗಿಸುತ್ತದೆ. ಆಮೇಲೆ ತೈಲ ಕುಡಿಯುವ ಆ ಸಿಲಿಂಡರನ್ನು ಕಳಚಿ ಮತ್ತೆ ಹೋನಿಂಗ್ ಮಾಡುವುದೊಂದೇ ದಾರಿ.

ರಿಂಗ್ ಕೂತ ಮೇಲೆ ಬೂದಿ ಬಿಡದ, ಕೊಳೆಯನ್ನು ತನ್ನಲ್ಲಿ ತೇಲಿಸಿ ಫಿಲ್ಟರಿಗೆ ಒಯ್ಯುವ ತೈಲಕ್ಕೆ ಬದಲಿಸುತ್ತಾರೆ. ಬಹುಕಾಲ ಸಾದಾ ತೈಲದಲ್ಲೇ ಓಡಿದ ಎಂಜಿನ್‌ನಲ್ಲಿ ಈ ಬದಲಾವಣೆ ಎಚ್ಚರಿಕೆಯಿಂದ ಆಗಬೇಕು, ಏಕೆಂದರೆ ಒಳಗೆ ಕುಳಿತ ಮಡ್ಡಿ ಸಡಿಲಗೊಂಡು ತೈಲ ಸೋಸುವ ಜಾಲರಿ ಕಟ್ಟಿಕೊಳ್ಳಬಹುದು. ಗ್ಯಾರೇಜಿನಲ್ಲಿರುವ ಕಾರಿನ ಆಯಿಲನ್ನು ಮಾತ್ರ ಎಂದಿಗೂ ಹಾಕಬಾರದು: ಅದರ ಲೋಹಯುಕ್ತ ಸೇರ್ಪಡೆಗಳು ಸುಟ್ಟು ಉಳಿಯುವ ಬೂದಿ ದಹನಕೋಣೆಯಲ್ಲಿ ಕೆಂಡದಂತೆ ಕಾದು, ಕಿಡಿ ಹಾರುವ ಮೊದಲೇ ಇಂಧನಕ್ಕೆ ಬೆಂಕಿ ಹೊತ್ತಿಸಬಹುದು.

ಡಬ್ಬಿಯ ಅಂಕಿಯನ್ನು ಮಗನಿಂದ ಒಮ್ಮೆ ಓದಿಸಿ ನೋಡಿ. ಏರೋಶೆಲ್ ಎಂಬ ವಿಮಾನ ತೈಲದ ಬ್ರಾಂಡಿನಲ್ಲಿ ಬರಿಯ 100 ಎಂದಿದ್ದರೆ ಸಾದಾ ತೈಲ, ಡಬ್ಲ್ಯು 100 ಎಂದಿದ್ದರೆ ಸೇರ್ಪಡೆಯಿರುವುದು. ಎರಡರ ದಪ್ಪವೂ ನಿಮಗೆ ಪರಿಚಿತವಾದ, ಎಂಜಿನ್ ಆಯಿಲ್‌ನ ದಪ್ಪ ಹೇಳುವ ಎಸ್‌ಎಇ ಅಳತೆಯಲ್ಲಿ 50ರಷ್ಟೇ.