ಹಳೆಯ ವಿಳಾಸವೇ ಬಂದು ಕೂರುತ್ತದೆ, ಪಾಸ್‌ವರ್ಡ್ ಮಾತ್ರ ಬರುವುದಿಲ್ಲ: ಏಕೆ?

ಪ್ರಶ್ನೆ: ಬೆಂಗಳೂರಿನಿಂದ ತುಮಕೂರಿಗೆ ಮನೆ ಬದಲಾಯಿಸಿದ್ದೇವೆ. ಫೋನಿನಲ್ಲಿ ಯಾವ ಫಾರಂ ತೆರೆದರೂ ಹಳೆಯ ವಿಳಾಸವೇ ತುಂಬಿಕೊಳ್ಳುತ್ತದೆ. ಅಳಿಸಿ ಹೊಸದು ಟೈಪ್ ಮಾಡಿದರೂ ಮುಂದಿನ ಸಲ ಮತ್ತೆ ಅದೇ. ಆ್ಯಪ್‌ಗಳಲ್ಲಿ ಪಾಸ್‌ವರ್ಡ್ ತಾನಾಗಿ ಬರುವುದೂ ನಿಂತಿದೆ. ಆಂಡ್ರಾಯ್ಡ್ ಫೋನ್. ಏನು ಮಾಡಲಿ?

ಉತ್ತರ: ಒಂದೇ ತೊಂದರೆಯಂತೆ ಕಂಡರೂ ಇವು ಎರಡು. ವಿಳಾಸ ತುಂಬುತ್ತಿರುವುದು ಬ್ರೌಸರ್. ಆ್ಯಪ್‌ಗಳಿಗೆ ಪಾಸ್‌ವರ್ಡ್ ಕೊಡುವುದು ಫೋನಿನ ಆಟೋಫಿಲ್ (ತಾನಾಗಿ ತುಂಬುವ) ಸೇವೆ. ಒಂದನ್ನು ಎಷ್ಟು ತಿದ್ದಿದರೂ ಇನ್ನೊಂದು ಸರಿಹೋಗುವುದಿಲ್ಲ.

ಮೊದಲು ವಿಳಾಸ. ಫಾರಂನಲ್ಲಿ ಅಳಿಸಿ ಬರೆದರೆ ಆ ಫಾರಂ ಮಾತ್ರ ಬದಲಾಗುತ್ತದೆ, ಬ್ರೌಸರ್ ಉಳಿಸಿಟ್ಟ ಪ್ರತಿ ಹಾಗೇ ಇರುತ್ತದೆ. ಫಾರಂ ಕಳಿಸಿದ ಮೇಲೆ ವಿಳಾಸ ಅಪ್‌ಡೇಟ್ ಮಾಡಲೇ ಎಂದು ಕ್ರೋಮ್ ಕೆಲವೊಮ್ಮೆ ಕೇಳುತ್ತದೆ. ಅವಸರದಲ್ಲಿ ಅದನ್ನು ಮುಚ್ಚಿಬಿಡುವವರೇ ಹೆಚ್ಚು. ಕ್ರೋಮ್‌ನ ಮೂರು ಚುಕ್ಕಿ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ‘ಅಡ್ರೆಸಸ್’ ಸಾಲು ತೆರೆಯಿರಿ. ಹಳೆಯ ವಿಳಾಸದ ಎರಡು ಮೂರು ಪ್ರತಿಗಳಿರಬಹುದು. ಒಂದನ್ನು ತಿದ್ದಿ, ಉಳಿದವನ್ನು ಡಿಲೀಟ್ ಮಾಡಿ.

ಇಷ್ಟಾದರೂ ‘ಜಿಲ್ಲೆ’ ಕಾಲಂ ಖಾಲಿ ಉಳಿಯಬಹುದು. ಅದು ಫೋನಿನ ದೋಷವಲ್ಲ. ಕ್ರೋಮ್‌ನ ಭಾರತೀಯ ವಿಳಾಸದಲ್ಲಿ ಊರು, ಪಿನ್ ಕೋಡ್, ರಾಜ್ಯ ಇವೆ. ಜಿಲ್ಲೆಗೆ ಬೇರೆ ಜಾಗವಿಲ್ಲ. ಜೊತೆಗೆ ತುಮಕೂರಿನವರಿಗೆ ಇನ್ನೊಂದು ಕಾಟ: ಇಂಗ್ಲಿಷ್ ಸ್ಪೆಲಿಂಗ್ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು, ಆದರೆ ಕೆಲವು ತಾಣಗಳ ಪಟ್ಟಿಯಲ್ಲಿ ಇನ್ನೂ ಹಳೆಯದೇ ಉಳಿದಿದೆ. ನೀವು ಉಳಿಸಿದ ಅಕ್ಷರಗಳಿಗೂ ಪಟ್ಟಿಯಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಆಟೋಫಿಲ್ ಆ ಕಾಲಂ ಬಿಟ್ಟು ಮುಂದೆ ಹೋಗಬಹುದು. ಅಂಥ ಕಡೆ ಕೈಯಲ್ಲೇ ಆರಿಸಬೇಕು, ಬೇರೆ ದಾರಿಯಿಲ್ಲ.

ಈಗ ಪಾಸ್‌ವರ್ಡ್. ಫೋನಿನ ಸೆಟ್ಟಿಂಗ್ಸ್ ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ಆಟೋಫಿಲ್’ ಎಂದು ಟೈಪ್ ಮಾಡಿ. ಮೆನುಗಳನ್ನು ಒಂದೊಂದಾಗಿ ತೆರೆಯುವುದಕ್ಕಿಂತ ಇದೇ ಸುಲಭ, ಏಕೆಂದರೆ ಪ್ರತಿ ಕಂಪನಿಯೂ ಅದನ್ನು ಬೇರೆ ಬೇರೆ ಕಡೆ ಇಟ್ಟಿದೆ. ಅಲ್ಲಿ ಯಾವ ಸೇವೆ ಆಯ್ಕೆಯಾಗಿದೆ ನೋಡಿ. ‘ನನ್’ (None, ಅಂದರೆ ಯಾವುದೂ ಇಲ್ಲ) ಎಂದಿದ್ದರೆ ಕಾರಣ ಅದೇ. ಸ್ಯಾಮ್‌ಸಂಗ್ ಫೋನಿನಲ್ಲಿ ಸ್ಯಾಮ್‌ಸಂಗ್ ಪಾಸ್ ಆಯ್ಕೆಯಾಗಿದ್ದು, ನಿಮ್ಮ ಪಾಸ್‌ವರ್ಡ್‌ಗಳೆಲ್ಲ ಗೂಗಲ್‌ನಲ್ಲಿದ್ದರೂ ಇದೇ ಗತಿ. ಪಾಸ್‌ವರ್ಡ್ ಎಲ್ಲಿದೆಯೋ ಆ ಸೇವೆಯನ್ನೇ ಆರಿಸಿ.

ಸೇವೆ ಸರಿಯಿದ್ದೂ ಒಂದೇ ಆ್ಯಪ್ ಕೈಕೊಡುತ್ತಿದೆಯೇ? ಪಾಸ್‌ವರ್ಡ್ ಉಳಿಸಲೇ ಎಂದು ಕೇಳಿದಾಗ ಹಿಂದೆ ಎಂದೋ ‘ನೆವರ್’ ಒತ್ತಿದ್ದರೆ ಆ ಹೆಸರು ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್‌ನ ಸೆಟ್ಟಿಂಗ್ಸ್‌ನಲ್ಲಿ, ನಿರಾಕರಿಸಿದ ತಾಣ ಮತ್ತು ಆ್ಯಪ್‌ಗಳ ಪಟ್ಟಿಯಲ್ಲಿರುತ್ತದೆ, ತೆಗೆದುಹಾಕಿ. ಖಾಲಿ ಕಾಲಂ ಮೇಲೆ ಬೆರಳು ಒತ್ತಿ ಹಿಡಿದರೆ ಬರುವ ಮೆನುವಿನಲ್ಲೂ ‘ಆಟೋಫಿಲ್’ ಸಿಗಬಹುದು. ಕೆಲವು ಬ್ಯಾಂಕ್ ಆ್ಯಪ್‌ಗಳು ಬೇಕೆಂದೇ ಇದನ್ನು ತಡೆದಿರುತ್ತವೆ. ಅದು ಒಳ್ಳೆಯದೇ, ಅಲ್ಲಿ ಹಟ ಬೇಡ.

ದಿನಾ ತಾನಾಗಿ ತುಂಬುತ್ತಿದ್ದ ವೆಬ್‌ಸೈಟ್‌ನಲ್ಲಿ ಇದ್ದಕ್ಕಿದ್ದಂತೆ ಪಾಸ್‌ವರ್ಡ್ ಬಾರದಿದ್ದರೆ ಮಾತ್ರ ಸೆಟ್ಟಿಂಗ್ಸ್‌ಗೆ ಹೋಗುವ ಮೊದಲು ಬ್ರೌಸರ್‌ನಲ್ಲಿ ಕಾಣುವ ಆ ತಾಣದ ವೆಬ್ ವಿಳಾಸ ಓದಿ. ಪುಟ ನೋಡಲು ಎಷ್ಟೇ ಅಸಲಿಯಂತಿದ್ದರೂ ಪಾಸ್‌ವರ್ಡ್ ಮ್ಯಾನೇಜರ್ ನೋಡುವುದು ಆ ವಿಳಾಸವನ್ನು. ಅಲ್ಲಿ ಒಂದಕ್ಷರ ಬೇರೆಯಾಗಿದ್ದರೂ ಅದು ಸುಮ್ಮನಿರುತ್ತದೆ. ಎಸ್ಸೆಮ್ಮೆಸ್ ಲಿಂಕ್ ಒತ್ತಿ ಬಂದಿದ್ದರಂತೂ ಕೈಯಲ್ಲಿ ಟೈಪ್ ಮಾಡಲೇಬೇಡಿ.

ಮನೆಯಲ್ಲಿ ಐಫೋನ್ ಇದ್ದರೆ ದಾರಿ ಬೇರೆ: ಸಫಾರಿ ನಿಮ್ಮ ವಿಳಾಸವನ್ನು ಕಾಂಟ್ಯಾಕ್ಟ್ಸ್‌ನಲ್ಲಿರುವ ನಿಮ್ಮದೇ ಕಾರ್ಡ್‌ನಿಂದ ತೆಗೆದುಕೊಳ್ಳುತ್ತದೆ. ಅದನ್ನು ತಿದ್ದಿದರಾಯಿತು.

ಯಾವುದೂ ಫಲಿಸದಿದ್ದರೆ ಫೋನ್ ರೀಸ್ಟಾರ್ಟ್ ಮಾಡಿ, ಬ್ರೌಸರ್ ಅಪ್‌ಡೇಟ್ ಮಾಡಿ, ಕ್ಯಾಶ್ (ಬ್ರೌಸರ್ ತಾತ್ಕಾಲಿಕವಾಗಿ ಉಳಿಸಿಟ್ಟ ಪುಟಗಳ ಪ್ರತಿ) ಅಳಿಸಿ. ಕ್ರೋಮ್‌ನ ಬ್ರೌಸಿಂಗ್ ಡೇಟಾ ಅಳಿಸುವ ಪುಟದಲ್ಲಿ ಪಾಸ್‌ವರ್ಡ್ ಮತ್ತು ಆಟೋಫಿಲ್ ಡೇಟಾಗೂ ಟಿಕ್ ಹಾಕುವ ಚೌಕಗಳಿರಬಹುದು. ಅವನ್ನು ಖಾಲಿ ಬಿಡಿ. ಸಿಂಕ್ (ಒಂದೇ ಖಾತೆಯ ಸಾಧನಗಳ ಮಾಹಿತಿಯನ್ನು ಒಂದೇ ಆಗಿಡುವ ವ್ಯವಸ್ಥೆ) ಆನ್ ಇದ್ದರೆ ಇಲ್ಲಿ ಅಳಿಸಿದ್ದು ಲ್ಯಾಪ್‌ಟಾಪ್‌ನಿಂದಲೂ ಹೋಗುತ್ತದೆ.