8 ಮೆಗಾಹರ್ಟ್ಸ್ ಕ್ಲಾಕ್ ದಾರಿ ತಪ್ಪಿದ ಬಗೆ

ಪೀಣ್ಯದ ಸಣ್ಣ ಘಟಕವೊಂದರಲ್ಲಿ ಹಲವು ವರ್ಷ ತಕರಾರಿಲ್ಲದೆ ತಯಾರಾಗುತ್ತಿದ್ದ ಬೋರ್ಡ್, ಹೊಸ ಲಾಟಿನ ಚಿಪ್ ಕೂರಿಸಿದ ಮೇಲೆ ಆಗಾಗ ತಪ್ಪು ಅಂಕಿ ಓದತೊಡಗಿತು. ಚಿಪ್‌ನ ಪಾರ್ಟ್ ನಂಬರ್ ಹಳೆಯದೇ, ಲೇಔಟ್ ಕೂಡ ಹಳೆಯದೇ. ಚಿಪ್‌ಗಳಿಗೆ ತಾಳ ಹಾಕುವ ಕ್ಲಾಕ್ ಸಂಕೇತದ ಟ್ರೇಸ್ (ಬೋರ್ಡಿನ ತಾಮ್ರದ ಗೆರೆ) ಟ್ರಾನ್ಸ್‌ಮಿಷನ್ ಲೈನಿನಂತೆ, ಅಂದರೆ ತುದಿಯಿಂದ ಅಲೆ ಮರಳಿಸುವ ಗೆರೆಯಂತೆ, ವರ್ತಿಸುತ್ತಿರಬಹುದು ಎಂದೆ. ‘ಕ್ಲಾಕ್ ಇರುವುದೇ 8 ಮೆಗಾಹರ್ಟ್ಸ್, ಇಲ್ಲೆಲ್ಲಿಯ ಟ್ರಾನ್ಸ್‌ಮಿಷನ್ ಲೈನ್ ಸರ್?’ ಎಂದರು ಅಲ್ಲಿನ ಎಂಜಿನಿಯರ್.

ಇಲ್ಲಿ ನೋಡಬೇಕಾದದ್ದು ಕ್ಲಾಕಿನ ಆವರ್ತನವನ್ನಲ್ಲ, ಅದರ ಅಂಚು (ವೋಲ್ಟೇಜ್ ಕೆಳಗಿನಿಂದ ಮೇಲಕ್ಕೆ ಜಿಗಿಯುವ ಭಾಗ) ಎಷ್ಟು ಬೇಗ ಏರುತ್ತದೆ ಎಂಬುದನ್ನು. ಎಫ್‌ಆರ್-4 (ಗಾಜಿನ ನಾರು ಮತ್ತು ಎಪಾಕ್ಸಿಯ) ಬೋರ್ಡಿನಲ್ಲಿ ಸಂಕೇತವು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 15 ಸೆಂ.ಮೀ. ಸಾಗುತ್ತದೆ, ಹೊರಪದರದಲ್ಲಿ ತುಸು ಹೆಚ್ಚು. ಟ್ರೇಸ್ ದಾಟಲು ಬೇಕಾದ ಸಮಯವು ಅಂಚಿನ ಏರಿಕೆಯ ಅವಧಿಯ ಆರನೇ ಒಂದು ಭಾಗವನ್ನು ಮೀರಿದರೆ ಆ ಟ್ರೇಸನ್ನು ಬರಿಯ ತಂತಿ ಎಂದು ಎಣಿಸುವಂತಿಲ್ಲ. ಇದು ಕೈಲೆಕ್ಕವೇ ಹೊರತು ನಿಯಮವಲ್ಲ. ಕೆಲವರು ನಾಲ್ಕನೇ ಒಂದು ಭಾಗ ಹಿಡಿಯುತ್ತಾರೆ. 6 ನ್ಯಾನೋಸೆಕೆಂಡಿನ ಅಂಚಿಗೆ 15 ಸೆಂ.ಮೀ.ವರೆಗೆ ಚಿಂತೆಯಿಲ್ಲ, 1 ನ್ಯಾನೋಸೆಕೆಂಡಿನದಕ್ಕೆ ಮಿತಿ 2.5 ಸೆಂ.ಮೀ. ಮಾತ್ರ. ಪೀಣ್ಯದ ಟ್ರೇಸ್ 12 ಸೆಂ.ಮೀ. ಇತ್ತು. ತಯಾರಕರು ಹೊಸ, ಸಣ್ಣ ಡೈಗೆ (ಚಿಪ್‌ನೊಳಗಿನ ಸಿಲಿಕಾನ್ ತುಣುಕಿಗೆ) ಬದಲಾದಾಗ ಅದೇ ನಂಬರಿನ ಚಿಪ್‌ನ ಅಂಚು ಚುರುಕಾಗುವುದು ಹೊಸದೇನಲ್ಲ.

ಅವರ ಸ್ಕೋಪಿನಲ್ಲಿ (ವೋಲ್ಟೇಜಿನ ಅಲೆ ತೋರಿಸುವ ಆಸಿಲೋಸ್ಕೋಪಿನಲ್ಲಿ) ಅಲೆ ಚೊಕ್ಕಟವಾಗಿಯೇ ಕಂಡಿತ್ತು. ಅದು 100 ಮೆಗಾಹರ್ಟ್ಸ್‌ನದು, ಅಂದರೆ ಅದರ ಸ್ವಂತ ಏರಿಕೆಯೇ 3.5 ನ್ಯಾನೋಸೆಕೆಂಡ್, ಈ ಟ್ರೇಸಿನ ಏರಿಳಿತವಾದರೋ 300 ಮೆಗಾಹರ್ಟ್ಸ್ ಆಸುಪಾಸಿನದು. 500 ಮೆಗಾಹರ್ಟ್ಸ್ ಸ್ಕೋಪ್ ತಂದು, ಪ್ರೋಬಿನ ಉದ್ದನೆಯ ಗ್ರೌಂಡ್ ವೈರನ್ನು ಕಳಚಿ ಗಿಡ್ಡ ಸ್ಪ್ರಿಂಗ್ ಹಾಕಿ ನೋಡಿದಾಗ, ಏರಿದ ಅಂಚಿನ ಬೆನ್ನಿಗೇ ಒಂದು ಆಳವಾದ ತಗ್ಗು ಸಿಕ್ಕಿತು. ಡ್ರೈವರಿನ (ಕ್ಲಾಕನ್ನು ಹೊರಡಿಸುವ ಚಿಪ್‌ನ) ಒಳ ರೋಧ ಸುಮಾರು 10 ಓಮ್, ಟ್ರೇಸಿನ ಇಂಪೀಡೆನ್ಸ್ (ಸಾಗುವ ಅಲೆಗೆ ಅದು ಒಡ್ಡುವ ರೋಧ) 50 ಓಮ್. ಇವೆರಡೂ ಹೊಂದದ ಕಾರಣ ತುದಿಯಿಂದ ಮರಳಿದ ಅಲೆ ಡ್ರೈವರಿನಲ್ಲಿ ತಲೆಕೆಳಗಾಗಿ ಮತ್ತೆ ಹೊರಡುತ್ತದೆ. ಚಿಪ್‌ನೊಳಗಿನ, ಅತಿ ವೋಲ್ಟೇಜ್ ತಡೆಯುವ ರಕ್ಷಣಾ ಡಯೋಡುಗಳನ್ನು ಬಿಟ್ಟು ಲೆಕ್ಕ ಹಾಕಿದರೆ 3.3 ವೋಲ್ಟಿನ ಸಂಕೇತ 1.8 ವೋಲ್ಟಿನವರೆಗೆ ಕುಸಿಯುತ್ತದೆ. ಸ್ವಲ್ಪ ಗದ್ದಲ ಸೇರಿದರೆ ಸಾಕು, ಸ್ವೀಕರಿಸುವ ಚಿಪ್ ಒಂದು ಕ್ಲಾಕನ್ನು ಎರಡೆಂದು ಎಣಿಸುತ್ತದೆ.

ಡ್ರೈವರ್ ಪಿನ್ನಿನ ಪಕ್ಕದಲ್ಲೇ ಬ್ಲೇಡಿನಿಂದ ಟ್ರೇಸ್ ಕುಯ್ದು, ಎಸ್‌ಪಿ ರಸ್ತೆಯಿಂದ ತಂದ 39 ಓಮ್ ರೆಸಿಸ್ಟರನ್ನು ಆ ಸಂದಿಗೆ ಬೆಸುಗೆ ಹಾಕಿದೆವು. ಡ್ರೈವರಿನ 10 ಓಮ್‌ಗೆ ಇದು ಸೇರಿ ಟ್ರೇಸಿನ 50 ಓಮ್‌ಗೆ ಹೊಂದಿಕೊಂಡಿತು, ತಗ್ಗು ಮಾಯವಾಯಿತು. ಡೇಟಾ ಗೆರೆಗಳನ್ನು ಮುಟ್ಟಲಿಲ್ಲ, ಏಕೆಂದರೆ ಅವನ್ನು ಓದುವ ಹೊತ್ತಿಗೆ ಅಲ್ಲಿಯ ಏರಿಳಿತ ಅಡಗಿರುತ್ತದೆ. ಕ್ಲಾಕಿಗೆ ಆ ಬಿಡುವಿಲ್ಲ. ಕ್ಲಾಕ್ ಟ್ರೇಸಿನ ನಡುವೆ ಇನ್ನೊಂದು ಚಿಪ್ ಜೋಡಿಸಿದ್ದಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ: ಮರಳುವ ಅಲೆ ಬರುವವರೆಗೆ ಆ ಚಿಪ್ ಅರ್ಧ ವೋಲ್ಟೇಜನ್ನೇ ನೋಡುತ್ತಾ ಕೂರಬೇಕಾಗುತ್ತಿತ್ತು.