ಬ್ರಹ್ಮಕಮಲದೊಳಗಿನ ಗಾಜಿನ ಮನೆ

ಮಳೆಗಾಲ ಶುರುವಾದರೆ ಸಾಕು, ಮೈಸೂರಿನ ವಾಟ್ಸ್‌ಆಪ್ ಗುಂಪುಗಳಲ್ಲಿ ಬ್ರಹ್ಮಕಮಲ ಅರಳುತ್ತದೆ. ಕುವೆಂಪುನಗರದ ತಾರಸಿಯಲ್ಲಿ ಒಂದೇ ರಾತ್ರಿ ಹತ್ತು ಹೂ, ಸರಸ್ವತಿಪುರಂನಲ್ಲಿ ಆರತಿ, ಅಕ್ಕಪಕ್ಕದವರಿಗೆಲ್ಲ ಅರಿಶಿನ ಕುಂಕುಮ. ಜೊತೆಗೊಂದು ಸಂದೇಶ: ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹಿಮಾಲಯದ ಹೂ, ನೋಡಿದವರ ಪಾಪವೆಲ್ಲ ಪರಿಹಾರ. ಇದನ್ನು ಕಳಿಸಿದವರ ಮನೆಯಲ್ಲೇ ಹೋದ ವರ್ಷವೂ ಅರಳಿತ್ತು, ಅಲ್ವಾ?

ಹೂ ಚೆಂದ, ಪರಿಮಳ ಇನ್ನೂ ಚೆಂದ. ಪೂಜೆ ಮಾಡುವವರು ಮಾಡಲಿ. ಆದರೆ ಅದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡಿನ ಕಳ್ಳಿ, ಎಪಿಫಿಲಮ್ ಆಕ್ಸಿಪೆಟಾಲಮ್. ನಾವು ಎಲೆ ಅಂದುಕೊಳ್ಳುವುದು ಅದರ ಚಪ್ಪಟೆ ಕಾಂಡ. ರಾತ್ರಿ ಅರಳುವುದು ಪತಂಗಗಳಿಗಾಗಿ. ಹಿಮ ಬಿದ್ದರೆ ಸತ್ತೇ ಹೋಗುತ್ತದೆ.

ಹಿಮಾಲಯದ ಬ್ರಹ್ಮಕಮಲ ಬೇರೆಯೇ ಗಿಡ: ಸೋಸ್ಯೂರಿಯಾ ಅಬ್ವಲ್ಲಾಟಾ. ಉತ್ತರಾಖಂಡದ ರಾಜ್ಯಪುಷ್ಪ. ಕಮಲಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಮಾರುವ ಸೇವಂತಿಗೆ, ಚೆಂಡುಹೂವಿನ ಕುಟುಂಬದ್ದು. ಬೆಳೆಯುವುದು 4,000 ಮೀಟರ್ ಎತ್ತರದ ಆಸುಪಾಸಿನ ಕಲ್ಲು ಇಳಿಜಾರುಗಳಲ್ಲಿ. ನಮ್ಮ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ, ಇನ್ನು ಚಾಮುಂಡಿ ಬೆಟ್ಟದ ಮಾತು ಬಿಡಿ.

ಅಲ್ಲಿ ವರ್ಷದ ಬಹುಪಾಲು ಹಿಮ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸಿಗುವ ಬಿಡುವಿನಲ್ಲೇ ಅರಳಬೇಕು, ಬೀಜ ಕಟ್ಟಬೇಕು. ಅದೂ ಸುರಿಯುವ ಮಳೆ, ಕೊರೆಯುವ ಗಾಳಿಯ ನಡುವೆ. ಇದಕ್ಕೆ ಗಿಡ ಕಂಡುಕೊಂಡ ಉಪಾಯವೇ ನನಗೆ ತುಂಬಾ ಇಷ್ಟ. ದೂರದಿಂದ ದೊಡ್ಡ ಎಸಳುಗಳಂತೆ ಕಾಣುವುದು ಎಸಳಲ್ಲ, ತಿಳಿಹಳದಿ ಬಣ್ಣದ ತೆಳು ಎಲೆಗಳು. ನಿಜವಾದ ಹೂಗಳು ಒಳಗೆ ನೇರಳೆ ಬಣ್ಣದ ಪುಟ್ಟ ಗೊಂಚಲಾಗಿ ಅಡಗಿರುತ್ತವೆ. ಎಲೆ ಬೆಳಕನ್ನು ಒಳಗೆ ಬಿಡುತ್ತದೆ, ಮಳೆ ಗಾಳಿಯನ್ನು ತಡೆಯುತ್ತದೆ. ಬಿಸಿಲು ಬಿದ್ದಾಗ ಒಳಗೆ ಹೊರಗಿಗಿಂತ ಬೆಚ್ಚಗಿರುತ್ತದೆ. ಪರಾಗ ತೊಯ್ದು ಹಾಳಾಗುವುದಿಲ್ಲ.

ಬೆಚ್ಚಗಾಗುವುದು ಹೇಗೆ? ಗಿಡ ಬೆಳೆಸುವ ಗಾಜಿನ ಮನೆಯಂತೆಯೇ. ಅಲ್ಲಿ ಒಳಬಂದ ಶಾಖ ಹೊರಹೋಗದಂತೆ ಗಾಜು ಹಿಡಿದಿಡುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯೂ. ವುಡ್ ಇದನ್ನು ಪರೀಕ್ಷಿಸಿದ. ಒಂದು ಪೆಟ್ಟಿಗೆಗೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಶಾಖಕಿರಣಗಳನ್ನು ತಡೆಯದೆ ಬಿಡುವ ಕಲ್ಲುಪ್ಪಿನ ಹಾಳೆ. ಎರಡೂ ಹೆಚ್ಚುಕಮ್ಮಿ ಒಂದೇ ರೀತಿ ಬಿಸಿಯಾದವು! ಅಂದರೆ ಮುಖ್ಯ ಕೆಲಸ ಬಿಸಿಗಾಳಿ ಓಡಿಹೋಗದಂತೆ ತಡೆಯುವುದು. ದಸರಾ ವಸ್ತುಪ್ರದರ್ಶನದ ಮೈದಾನದಲ್ಲಿ ಕಿಟಕಿ ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನಂತೆ. ಕಿಟಕಿಗಳನ್ನೆಲ್ಲ ಪೂರ್ತಿ ಇಳಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಗಾಳಿ ಸದಾ ಬೀಸುವ ಬೆಟ್ಟದ ಮೇಲೆ ತೆಳು ಎಲೆಯ ಗೋಡೆಯೇ ಸಾಕು.

ಇಲ್ಲಿ ಇತಿಹಾಸದ ಒಂದು ತಮಾಷೆ ಇದೆ. ಜಿನೀವಾದ ಒರಾಸ್ ಬೆನೆಡಿಕ್ಟ್ ದ ಸೋಸ್ಯೂರ್ ಎಂಬ ವಿಜ್ಞಾನಿ 1767ರಲ್ಲಿ ಒಂದರೊಳಗೊಂದು ಐದು ಗಾಜಿನ ಪೆಟ್ಟಿಗೆ ಇಟ್ಟು, ಬರೀ ಬಿಸಿಲಿನಿಂದ ಸುಮಾರು 87 ಡಿಗ್ರಿ ಸೆಲ್ಸಿಯಸ್ ಶಾಖ ಪಡೆದ. ಇಂದಿನ ಸೋಲಾರ್ ಕುಕ್ಕರಿನ ಮುತ್ತಜ್ಜ ಅದು. ಆಮೇಲೆ ಇಂಥದೇ ಪೆಟ್ಟಿಗೆಯನ್ನು ಆಲ್ಪ್ಸ್ ಬೆಟ್ಟಕ್ಕೆ ಹೊತ್ತ. ಮೇಲೆ ಗಾಳಿ ಎಷ್ಟೋ ತಣ್ಣಗಿದ್ದರೂ ಪೆಟ್ಟಿಗೆಯೊಳಗೆ ಬಯಲಿನಷ್ಟೇ ಬಿಸಿ. ಬೆಟ್ಟದ ಮೇಲೆ ಬಿಸಿಲಿಗೆ ಬರವಿಲ್ಲ, ಶಾಖ ನಿಲ್ಲುವುದಿಲ್ಲ ಅಷ್ಟೇ ಎಂದು ಅವನಿಗೆ ಗೊತ್ತಾಯಿತು. 1787ರಲ್ಲಿ ಮಾಂಟ್ ಬ್ಲಾಂಕ್ ಶಿಖರವನ್ನೂ ಹತ್ತಿದ. ಅವನ ಮಗ ಥಿಯೊಡೋರ್ ಸಸ್ಯಗಳ ಆಹಾರದ ಬಗ್ಗೆ ದೊಡ್ಡ ಕೆಲಸ ಮಾಡಿದವನು. 1810ರಲ್ಲಿ ಸಸ್ಯವಿಜ್ಞಾನಿ ದ ಕಾಂಡೋಲ್ ಹಿಮಾಲಯದ ಬ್ರಹ್ಮಕಮಲ ಸೇರುವ ಕುಲಕ್ಕೆ ಅಪ್ಪ ಮಗ ಇಬ್ಬರ ನೆನಪಿಗೆ ಸೋಸ್ಯೂರಿಯಾ ಎಂದು ಹೆಸರಿಟ್ಟ. ಹಿಮಾಲಯದ ಗಿಡವೊಂದು ಅಪ್ಪನ ಪೆಟ್ಟಿಗೆಯನ್ನೇ ಹೊತ್ತು ನಿಂತಿದೆ!

ಹಾಗಾಗಿ ಆನ್‌ಲೈನಿನಲ್ಲಿ 'ಹಿಮಾಲಯದ ಬ್ರಹ್ಮಕಮಲದ ಬೀಜ' ಕಂಡರೆ ಸುಮ್ನೆ ದುಡ್ಡು ಕಳೆಯಬೇಡಿ. ನಮ್ಮ ರಾತ್ರಿಗಳು ಆ ಗಿಡಕ್ಕೆ ಜಾಸ್ತಿ ಸೆಖೆ. ಹಗಲು ಬೆಳಕಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಸೆಖೆಯ ರಾತ್ರಿಯ ಉಸಿರಾಟವೇ ಕರಗಿಸಿಬಿಡುತ್ತದೆ. ತಿಂಗಳುಗಟ್ಟಲೆ ಹಿಮದಡಿ ಮಲಗಲೂ ಇಲ್ಲಿ ಜಾಗವಿಲ್ಲ.

ನೋಡಲೇಬೇಕಿದ್ದರೆ ಆಗಸ್ಟ್‌ನಲ್ಲಿ ಉತ್ತರಾಖಂಡದ ಗೋವಿಂದಘಾಟ್‌ಗೆ ಹೋಗಿ, ಘಾಂಘರಿಯಾ ದಾಟಿ, ಹೇಮಕುಂಡದ ಕಡೆ ಹತ್ತಿ. ಮಳೆ ಇರುತ್ತದೆ, ರೇನ್‌ಕೋಟ್ ಬೇಕು. ಹೂ ಮಾತ್ರ ಕೀಳಬೇಡಿ. ಪೂಜೆಗೂ ಔಷಧಿಗೂ ಬೀಜ ಕಟ್ಟುವ ಮೊದಲೇ ಕಿತ್ತು ಕಿತ್ತು ಎಷ್ಟೋ ಕಡೆ ಅದು ಈಗಾಗಲೇ ಅಪರೂಪವಾಗಿದೆ.